ದೂರವೂ ಹೊತ್ತೂ
(ಬಾನುಲಿ ಭಾಷಣ)

ದೂರವನ್ನು ಹೇಳುವುದಕ್ಕೆ ಕನ್ನಡದಲ್ಲಿ ಬಗೆಬಗೆಯ ಮಾತುಗಳಿವೆ. ಹರದಾರಿ, ಗಾವುದ ಎಂಬವು ಈಗ ಹಳೆಯ ಕಾವ್ಯಗಳಲ್ಲಿಯೂ ಅಜ್ಜಿಯರ ಕಥೆಗಳಲ್ಲಿಯೂ ಉಳಿದುಕೊಂಡಿವೆ. ‘ಒಂದು ಹಗಲಿನ ದಾರಿ’, ‘ಹೊತ್ತು ಮುಳುಗುವುದರೊಳಗೆ ಸೇರಬಹುದಾದ ಊರು’ ಎಂದು ಹಿರಿಯರು ಹೇಳುವುದನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಇವುಗಳಲ್ಲಿ ನನಗೆ ಬಹಳ ಪ್ರಿಯವಾದ ಮಾತು ‘ಕೂಗಳತೆ’. ಕರೆದರೆ ಕೇಳಿಸುವಷ್ಟು ದೂರವೇ ಕೂಗಳತೆ. ಅದು ಇಷ್ಟು ಗಜ, ಇಷ್ಟು ಮಾರು ಎಂದು ಯಾರೂ ನಿಷ್ಕರ್ಷೆ ಮಾಡಿದವರಲ್ಲ. ಆದರೆ ಆ ಮಾತಿನೊಳಗೆ ಒಂದು ಭರವಸೆ ಅಡಗಿದೆ. ಕೂಗು ಯಾರಿಗೆ ಕೇಳಿಸಿತೋ ಅವರು ಓಡಿ ಬರಬಲ್ಲರು ಎಂಬುದೇ ಆ ಭರವಸೆ. ಕಿವಿಗೆ ಎಟುಕಿದ್ದು ಕಾಲಿಗೂ ಎಟುಕುತ್ತಿತ್ತು. ದೂರ, ಹೊತ್ತು, ನೆರವು – ಈ ಮೂರೂ ಆ ಒಂದೇ ಮಾತಿನಲ್ಲಿ ಸೇರಿಕೊಂಡಿದ್ದುವು.

ಈ ಹೊತ್ತು ನಾನು ನಿಮ್ಮೊಡನೆ ಆಲೋಚಿಸಬೇಕೆಂದಿರುವುದು ಕೂಗಳತೆಗೆ ಸಾವಿರಾರು ಪಾಲು ಆಚೆಗಿರುವ ಎರಡು ತಾಣಗಳ ವಿಷಯ. ಒಂದು, ದೇವನಹಳ್ಳಿಯ ಬಳಿ 2008ರಲ್ಲಿ ತೆರೆದ ಬೆಂಗಳೂರಿನ ವಿಮಾನ ನಿಲ್ದಾಣ. ಇನ್ನೊಂದು, ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿಮಾನ ನಿಲ್ದಾಣ. ಕರ್ನಾಟಕದ ಎಷ್ಟು ಮನೆಗಳ ಒಂದೊಂದು ಕೋಣೆ ಆ ಎರಡನೆಯ ಊರಿನ ಸುತ್ತಮುತ್ತ ಇದೆಯೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಇವೆರಡರ ನಡುವಣ ದೂರವೆಷ್ಟು, ಹೋಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಸಿದ್ಧವಾದ ಉತ್ತರ ಉಂಟು: ಸುಮಾರು 14,000 ಕಿಲೋಮೀಟರು, ಎಲ್ಲಿಯೂ ಇಳಿಯದೆ ಹಾರಿದರೆ ಸುಮಾರು 17 ಗಂಟೆ. ಎರಡೂ ಅಂಕಿಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಅವೆರಡೂ ಒಂದೇ ಜಾತಿಯ ಅಂಕಿಗಳಲ್ಲ. ಮೊದಲನೆಯದು ಭೂಮಿಯದು. ಎರಡನೆಯದು ಯಾರದು ಎಂಬುದೇ ನನ್ನ ಇಂದಿನ ಪ್ರಶ್ನೆ.

ಮೊದಲು ದೂರದ ಮಾತನ್ನು ಮುಗಿಸಿಬಿಡೋಣ. ಶಾಂತಸಾಗರ ನಡುವೆ ಬರುವಂತೆ ಬರೆದ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದರೆ, ಆ ಗೆರೆ ಪೂರ್ವಕ್ಕೆ ಸಾಗಿ, ಶಾಂತಸಾಗರವನ್ನು ಅಡ್ಡಡ್ಡ ಹಾಯ್ದು ಹೋಗುತ್ತದೆ. ಆ ಗೆರೆ ನೇರವಾಗಿ ಕಾಣುತ್ತದೆ, ಆದರೆ ನೇರವಲ್ಲ. ಗುಂಡಗಿರುವ ಭೂಮಿಯನ್ನು ಚಪ್ಪಟೆಯ ಹಾಳೆಗೆ ಇಳಿಸುವಾಗ ಎಲ್ಲಿಯಾದರೂ ಹಿಗ್ಗಿಸಲೇಬೇಕು. ಧ್ರುವಗಳ ಕಡೆಗೆ ಹೋದಂತೆಲ್ಲ ಆ ಹಿಗ್ಗು ಹೆಚ್ಚುತ್ತದೆ. ಮನೆಯಲ್ಲಿ ಮಕ್ಕಳ ಭೂಗೋಳವಿದ್ದರೆ ಒಂದು ದಾರವನ್ನು ತೆಗೆದುಕೊಂಡು ಈ ಎರಡು ಊರುಗಳ ನಡುವೆ ಬಿಗಿಯಾಗಿ ಹಿಡಿದು ನೋಡಿ. ದಾರವು ಪೂರ್ವಕ್ಕೆ ಹೋಗುವ ಬದಲು ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್ಟು, ಮಂಗೋಲಿಯಾಗಳ ಮೇಲೆ ಹಾದು, ಸೈಬೀರಿಯಾವನ್ನು ದಾಟಿ, ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಗಣಿತಜ್ಞರು ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಲದ ಮೇಲೆ ಎರಡು ಬಿಂದುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇನ್ನೊಂದಿಲ್ಲ. ದಕ್ಷಿಣ ಭಾರತದ ಸೆಕೆಯ ನಾಡಿನಿಂದ ಕ್ಯಾಲಿಫೋರ್ನಿಯಾದ ಬಿಸಿಲಿಗೆ ಹೋಗುವ ಹತ್ತಿರದ ದಾರಿ ಹಿಮದ ನಾಡಿನ ಮೇಲಿದೆ ಎಂದರೆ ನಂಬುವುದು ಕಷ್ಟ. ಆದರೆ ದಾರ ಸುಳ್ಳು ಹೇಳುವುದಿಲ್ಲ.

ಈ ದೂರವು ಎಂದೆಂದಿಗೂ ಇಷ್ಟೇ. ಒಟ್ಟಾರೆ ದೂರಕ್ಕೂ ಒಂದು ಮೇರೆಯುಂಟು. 1790ರ ದಶಕದಲ್ಲಿ ಫ್ರೆಂಚ್ ವಿದ್ವಾಂಸರು ಮೀಟರನ್ನು ನಿರ್ಣಯಿಸಿದಾಗ, ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯಲ್ಲೊಂದು ಪಾಲು ಎಂದು ಅದನ್ನು ಇಟ್ಟುಕೊಂಡರು. ಆದುದರಿಂದಲೇ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು ಎಂಬ ಬಿಡಿಯಿಲ್ಲದ ಅಂಕಿ ನಮಗೆ ಸಿಕ್ಕಿದೆ. ಇದರ ಅರ್ಧಕ್ಕಿಂತ, ಎಂದರೆ ಸುಮಾರು 20,000 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ ಯಾವ ಎರಡು ಊರುಗಳೂ ಇರಲಾರವು. ಅದಕ್ಕೂ ಆಚೆ ಹೋದರೆ ಹಿಂದಿನಿಂದ ಹತ್ತಿರವಾಗತೊಡಗುತ್ತೇವೆ. ಮಗಳು ಎಷ್ಟೇ ದೂರ ಹೋದಳೆಂದರೂ 20,000 ಕಿಲೋಮೀಟರಿಗಿಂತ ಆಚೆ ಹೋಗಲಾರಳು ಎಂಬುದನ್ನು ತಾಯಂದಿರಿಗೆ ಸಮಾಧಾನವಾಗಿ ಹೇಳಬಹುದು. ಕೇಳುವ ತಾಯಿಗೆ ಅದು ಸಮಾಧಾನವೆನಿಸೀತೇ ಎಂಬುದು ಬೇರೆ ಮಾತು.

ಇನ್ನು ಹೊತ್ತಿನ ಕಡೆಗೆ ಬರೋಣ. ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಗುತ್ತದೆಂದು ಶಾಲೆಯ ಲೆಕ್ಕ ಹೇಳುತ್ತದೆ. ಈ ಲೆಕ್ಕ ಆಕಾಶದಲ್ಲಿ ಕೂಡಿಬರುವುದಿಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಸಂಸ್ಥೆಯು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ತನ್ನ ವಿಮಾನದ ದಾರಿಯನ್ನು ಬದಲಾಯಿಸಿತು. ಅದುವರೆಗೆ ವಿಮಾನವು ಅಟ್ಲಾಂಟಿಕ್ ಸಾಗರದ ಕಡೆಯಿಂದ ಸುಮಾರು 13,900 ಕಿಲೋಮೀಟರು ಹಾರುತ್ತಿತ್ತು. ಹೊಸ ದಾರಿ ಶಾಂತಸಾಗರದ ಮೇಲಿನದು. ಸುಮಾರು 15,300 ಕಿಲೋಮೀಟರು. ಎಂದರೆ 1,400 ಕಿಲೋಮೀಟರು ಹೆಚ್ಚು. ಹೀಗಿದ್ದೂ ಆ ವಿಮಾನ ಹದಿನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ, ಹಳೆಯ ದಾರಿಗಿಂತ ಗಂಟೆಗಟ್ಟಲೆ ಮೊದಲೇ ಊರು ಸೇರಿತು. ದಾರಿ ಬೆಳೆಯಿತು, ಹೊತ್ತು ಕುಗ್ಗಿತು.

ಕಾರಣ ಗಾಳಿ. ನೆಲದಿಂದ ಒಂಬತ್ತು ಹತ್ತು ಕಿಲೋಮೀಟರು ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತಿರುತ್ತವೆ. ಇವುಗಳಿಗೆ ಜೆಟ್ ಪ್ರವಾಹಗಳೆಂದು ಹೆಸರು. ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರು ವೇಗ ಇವಕ್ಕೆ ಸಾಮಾನ್ಯ. ಕೆಲವೊಮ್ಮೆ ಮುನ್ನೂರನ್ನೂ ಮೀರುವುದುಂಟು. ಪೂರ್ವಕ್ಕೆ ಹೋಗುವವನನ್ನು ಇವು ಬೆನ್ನು ತಟ್ಟಿ ಕಳಿಸುತ್ತವೆ. ಪಶ್ಚಿಮಕ್ಕೆ ಹೋಗುವವನ ಎದೆಗೆ ಕೈಯಿಟ್ಟು ತಡೆಯುತ್ತವೆ. ಭೂಮಿ ತಿರುಗುತ್ತಿದೆಯಲ್ಲ, ವಿಮಾನ ಸುಮ್ಮನೆ ಮೇಲೆ ನಿಂತರೆ ಊರೇ ಕೆಳಗೆ ಬರಬಾರದೇಕೆ ಎಂದು ಮಕ್ಕಳು ಕೇಳುವುದುಂಟು. ಭೂಮಿಯೊಡನೆ ವಾಯುಮಂಡಲವೂ, ಅದರೊಳಗಿನ ವಿಮಾನವೂ ತಿರುಗುತ್ತಿರುವುದರಿಂದ ಆ ಉಪಾಯ ಫಲಿಸದು. ಗಾಳಿಯ ಸ್ವಂತ ಓಟವಷ್ಟೇ ಲೆಕ್ಕಕ್ಕೆ ಬರುವುದು.

ಈ ಗಾಳಿಯ ಹೊಳೆಯನ್ನು ಮೊದಲು ಅಳೆದವರಲ್ಲಿ ವಸಾಬುರೊ ಓಯಿಶಿ ಎಂಬ ಜಪಾನೀ ವಿಜ್ಞಾನಿ ಒಬ್ಬರು. 1920ರ ದಶಕದಲ್ಲಿ ಅವರು ಬೆಲೂನುಗಳನ್ನು ಹಾರಿಬಿಟ್ಟು, ದುರ್ಬೀನಿನಿಂದ ಅವುಗಳ ಓಟವನ್ನು ನೋಡಿ, ಮೇಲಣ ಗಾಳಿಯ ಅಸಾಧಾರಣ ವೇಗವನ್ನು ಕಂಡುಕೊಂಡರು. ಲೋಕಕ್ಕೆಲ್ಲ ತಿಳಿಯಲಿ ಎಂಬ ಸದುದ್ದೇಶದಿಂದ ತಮ್ಮ ವರದಿಯನ್ನು ವಿಶ್ವಭಾಷೆಯೆಂದು ಕಲ್ಪಿತವಾದ ಎಸ್ಪೆರಾಂಟೋದಲ್ಲಿ 1926ರಲ್ಲಿ ಪ್ರಕಟಿಸಿದರು. ಎಲ್ಲರ ಭಾಷೆಯಾಗಲಿ ಎಂದು ಹುಟ್ಟಿದ್ದನ್ನು ಓದುವವರೇ ವಿರಳವಾಗಿದ್ದುದರಿಂದ ಆ ವರದಿಯನ್ನು ಹೊರಗಿನ ಲೋಕ ಗಮನಿಸಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ವೈಮಾನಿಕರು ಆ ಗಾಳಿಯನ್ನು ತಾವೇ ಎದುರಿಸಿ ತಿಳಿಯಬೇಕಾಯಿತು. ಸಾಹಿತ್ಯಪ್ರಿಯರಾದ ನಿಮಗೆ ಭಾಷೆಯ ವಿಚಾರದಲ್ಲಿಯೂ ಇದು ಚಿಂತಿಸತಕ್ಕ ಪ್ರಸಂಗವೆಂದು ತೋರಬಹುದು.

ಗಾಳಿಯಾದರೂ ಪ್ರಕೃತಿಯದು, ಅದರ ಮೇಲೆ ಯಾರೂ ಮುನಿಯುವಂತಿಲ್ಲ. ಹೊತ್ತನ್ನು ಹಿಗ್ಗಿಸುವ ಇನ್ನೊಂದು ಶಕ್ತಿ ಮನುಷ್ಯನದು. ನಾನು ಆಗ ಹೇಳಿದ ದಾರದ ಕೆಳಗೆ ಎಷ್ಟು ದೇಶಗಳಿವೆ ನೋಡಿ. ಆಕಾಶಕ್ಕೆ ಬೇಲಿಯಿಲ್ಲವೆಂಬುದು ಕವಿಗಳ ಮಾತು. ವಿಮಾನದ ಪಾಲಿಗೆ ಆಕಾಶದಲ್ಲಿಯೂ ಗಡಿಗಳಿವೆ, ಸುಂಕಗಳಿವೆ, ಮುಚ್ಚುವ ಬಾಗಿಲುಗಳಿವೆ. ಟಿಬೆಟ್ಟಿನ ಎತ್ತರದ ಮೇಲಂತೂ ಬೇರೊಂದು ತೊಡಕು. ವಿಮಾನದೊಳಗಣ ಗಾಳಿಯ ಒತ್ತಡ ತಪ್ಪಿದರೆ ಉಸಿರಾಡಬಹುದಾದ ಮಟ್ಟಕ್ಕೆ ಬೇಗನೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹೀಗಾಗಿ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುತ್ತವೆ.

ಬಾಗಿಲು ಮುಚ್ಚುವುದೆಂದರೇನೆಂಬುದನ್ನು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಜನರನ್ನು ಕೇಳಬೇಕು. ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋಗೆ ಸುಮಾರು 7,800 ಕಿಲೋಮೀಟರು. ದಾರಿಯ ಬಹುಪಾಲು ರಷ್ಯಾದ ಮೇಲೆಯೇ ಇದೆ. 1983ರಲ್ಲಿ ಫಿನ್ನೇರ್ ಸಂಸ್ಥೆ ಅಲ್ಲಿಗೆ ಎಲ್ಲಿಯೂ ಇಳಿಯದ ವಿಮಾನವನ್ನು ಆರಂಭಿಸಿದಾಗ ಸೋವಿಯತ್ ಆಕಾಶ ಅದಕ್ಕೆ ತೆರೆದಿರಲಿಲ್ಲ. ಆದುದರಿಂದ ಅದು ಉತ್ತರ ಧ್ರುವವನ್ನು ಹಾಯ್ದು, ಅಲಾಸ್ಕಾವನ್ನು ಬಳಸಿ, ಸುಮಾರು 13 ಗಂಟೆ ಹಾರಬೇಕಾಗಿತ್ತು. ಪ್ರಯಾಣಿಕರಿಗೆ ಧ್ರುವವನ್ನು ದಾಟಿದ ಪ್ರಮಾಣಪತ್ರವನ್ನು ಕೊಡುತ್ತಿದ್ದರಂತೆ. ಮುಂದೆ ರಷ್ಯಾದ ಆಕಾಶ ತೆರೆಯಿತು. ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿಯಿತು. 2022ರಲ್ಲಿ ಉಕ್ರೇನ್ ಯುದ್ಧ ಮೊದಲಾಗಿ ಆ ಆಕಾಶ ಮತ್ತೆ ಮುಚ್ಚಿದಾಗ, ವಿಮಾನ ಮತ್ತೆ ಧ್ರುವದ ದಾರಿ ಹಿಡಿಯಿತು. ಹೊತ್ತು ಮತ್ತೆ 13 ಗಂಟೆಯಾಯಿತು. ಸುಮಾರು ನಲವತ್ತು ವರ್ಷಗಳಲ್ಲಿ ವಿಮಾನಶಾಸ್ತ್ರ ಎಷ್ಟೋ ಮುಂದುವರಿದಿತ್ತು. ಆದರೆ ಪ್ರಯಾಣಿಕ ಹೊರಟಲ್ಲಿಗೇ ಬಂದು ನಿಂತಿದ್ದನು. ನಮ್ಮ ದೇಶಕ್ಕೂ ಈ ಅನುಭವ ಹೊಸದಲ್ಲ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಬಳಸುದಾರಿಯಲ್ಲಿ ಸಾಗಿ, ನಡುವೆ ವಿಯೆನ್ನಾದಲ್ಲಿಯೋ ಕೋಪನ್‌ಹೇಗನ್ನಿನಲ್ಲಿಯೋ ಎಣ್ಣೆ ತುಂಬಿಸಿಕೊಳ್ಳಬೇಕಾಯಿತು.

ಎಣ್ಣೆಯ ಮಾತು ಬಂದಿತಾದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ನಡುವಣ ನೇರ ಪ್ರಯಾಣವನ್ನು 2021ರಲ್ಲಿ ಆರಂಭಿಸಿದ ಬೋಯಿಂಗ್ 777 ಜಾತಿಯ ದೂರಗಾಮಿ ವಿಮಾನದ ತೊಟ್ಟಿಗಳಲ್ಲಿ ಸುಮಾರು 1,81,000 ಲೀಟರು ಇಂಧನ ಹಿಡಿಸುತ್ತದೆ. ಇಷ್ಟು ದೂರದ ಪ್ರಯಾಣದಲ್ಲಿ ವಿಮಾನವು ಮೊದಲ ಅರ್ಧ ದಾರಿಯುದ್ದಕ್ಕೂ ಹೊರುವುದು ಮುಖ್ಯವಾಗಿ ಮುಂದಿನ ಅರ್ಧ ದಾರಿಯ ಎಣ್ಣೆಯನ್ನೇ. ಆ ಹೊರೆಯನ್ನು ಹೊರುವುದಕ್ಕೆ ಮತ್ತಷ್ಟು ಎಣ್ಣೆ ಉರಿಯಬೇಕು. ಬುತ್ತಿ ಹೊರುವ ಆಳಿಗೂ ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ. ಸಿಂಗಪುರದಿಂದ ನ್ಯೂಯಾರ್ಕಿನ ಪಕ್ಕದ ನುವಾರ್ಕಿಗೆ ಸುಮಾರು 15,300 ಕಿಲೋಮೀಟರುಗಳ ನೇರ ಪ್ರಯಾಣವು 2004ರಲ್ಲಿ ಆರಂಭವಾಗಿ, ನಾಲ್ಕು ಎಂಜಿನುಗಳ ಹಸಿವನ್ನು ತಣಿಸಲಾರದೆ 2013ರಲ್ಲಿ ನಿಂತಿತು. 2018ರಲ್ಲಿ ಎರಡೇ ಎಂಜಿನುಗಳ ಹೊಸ ವಿಮಾನ ಬಂದ ಮೇಲೆ ಮತ್ತೆ ಮೊದಲಾಯಿತು. ನಡುವಣ ಐದು ವರ್ಷ ಆ ಎರಡು ಊರುಗಳು ದೂರವಾಗಿದ್ದುವೇ? ಕಿಲೋಮೀಟರಿನಲ್ಲಿ ಇಲ್ಲ, ಗಂಟೆಗಳಲ್ಲಿ ಹೌದು.

ಈ ಬಗೆಯ ಪ್ರಯಾಣದಲ್ಲಿ ಗಡಿಯಾರ, ಪಂಚಾಂಗಗಳೂ ವಿಚಿತ್ರವಾಗಿ ವರ್ತಿಸುತ್ತವೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೋದ್ದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನಿಂದ ಹೊರಟವನು 17 ಗಂಟೆ ಹಾರಿ ಅಲ್ಲಿ ಇಳಿದಾಗ ಅದೇ ಸೋಮವಾರ ಸಂಜೆ ಐದೂವರೆ. ಕಾಗದದ ಮೇಲೆ ಮೂರೂವರೆ ಗಂಟೆಯ ಪ್ರಯಾಣ! ಮರಳುವಾಗ ಈ ಸಾಲವನ್ನು ಬಡ್ಡಿಸಮೇತ ತೀರಿಸಬೇಕು. 2021ರ ಜನವರಿಯಲ್ಲಿ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ, ಚಾಲಕರೆಲ್ಲರೂ ಮಹಿಳೆಯರೇ ಆಗಿದ್ದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಾಗಿ ಬೆಂಗಳೂರಿಗೆ ಬಂದಿತು. ಆ ದಾರಿಯ ಮೊದಲ ನೇರ ಪ್ರಯಾಣವದು. 9ನೆಯ ತಾರೀಖಿನ ರಾತ್ರಿ ಹೊರಟವರು ಇಲ್ಲಿ ಇಳಿದುದು 11ನೆಯ ತಾರೀಖಿನ ಬೆಳಗಿನ ಜಾವ. ನಡುವಣ 10ನೆಯ ತಾರೀಖನ್ನು ಅವರು ಯಾವ ಊರಿನಲ್ಲಿಯೂ ಕಳೆಯಲಿಲ್ಲ.

ಇದೇ ಸೋಜಿಗ ಐನೂರು ವರ್ಷಗಳ ಹಿಂದೆ ಹಡಗಿನವರನ್ನು ಕಂಗೆಡಿಸಿತ್ತು. ಮೆಗೆಲ್ಲನನ ತಂಡದಲ್ಲಿ ಉಳಿದವರು ಪಶ್ಚಿಮಾಭಿಮುಖವಾಗಿ ಭೂಮಿಯನ್ನು ಬಹುಪಾಲು ಸುತ್ತಿ 1522ರ ಜುಲೈಯಲ್ಲಿ ಕೇಪ್ ವರ್ಡೆ ದ್ವೀಪಗಳಿಗೆ ಬಂದಾಗ, ಹಡಗಿನ ದಿನಚರಿಯಲ್ಲಿ ಬುಧವಾರವಿತ್ತು, ದಡದಲ್ಲಿ ಗುರುವಾರವಾಗಿತ್ತು. ದಿನಚರಿಯನ್ನು ಬರೆಯುತ್ತ ಬಂದಿದ್ದ ಪಿಗಾಫೆಟ್ಟನು ಒಂದು ದಿನವನ್ನೂ ಬಿಟ್ಟವನಲ್ಲ. ಆದರೂ ಒಂದು ದಿನ ಎಲ್ಲಿಯೋ ಜಾರಿಹೋಗಿತ್ತು. ಸೂರ್ಯನ ಜೊತೆಗೇ ನಡೆಯುತ್ತ ಬಂದುದರಿಂದ ಪ್ರತಿದಿನವೂ ಸ್ವಲ್ಪ ಸ್ವಲ್ಪ ಹಿಗ್ಗಿ, ಕೊನೆಗೆ ಒಂದು ಸೂರ್ಯೋದಯವೇ ಲೆಕ್ಕದಲ್ಲಿ ಕಡಮೆಯಾಗಿತ್ತು. ಅವರು ಮೂರು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕಳೆದುಕೊಂಡದ್ದನ್ನು ನಾವು ಒಂದು ರಾತ್ರಿಯಲ್ಲಿ ಕಳೆದುಕೊಳ್ಳುತ್ತೇವೆ. ಮನಸ್ಸು ಇದನ್ನು ಒಪ್ಪಿಕೊಂಡರೂ ದೇಹ ಒಪ್ಪುವುದಿಲ್ಲ. ಅದು ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಸ ಊರಿಗೆ ಹೊಂದಿಕೊಳ್ಳುತ್ತ ಬರುತ್ತದೆ. ವಿಮಾನದಿಂದ ಇಳಿದವನ ಪೆಟ್ಟಿಗೆ ಅವನೊಡನೆಯೇ ಬರುತ್ತದೆ. ನಿದ್ರೆ ಮಾತ್ರ ಒಂದೂವರೆ ವಾರ ಕಳೆದು ಬರುತ್ತದೆ.

ಇಷ್ಟನ್ನೆಲ್ಲ ಹೇಳಿದುದು ಯಾಕೆ? ‘ಜಗತ್ತು ಚಿಕ್ಕದಾಗಿಬಿಟ್ಟಿದೆ’ ಎಂಬ ಮಾತನ್ನು ನಾವು ತೀರ ಸುಲಭವಾಗಿ ಆಡುತ್ತೇವೆ. ಮಕ್ಕಳನ್ನು ಕಳಿಸುವಾಗ, ‘ಏನು ಮಹಾ ದೂರ, ಒಂದು ದಿನದ ದಾರಿ’ ಎಂದುಕೊಳ್ಳುತ್ತೇವೆ. ಜಗತ್ತು ಒಂದು ಗೇಣಿನಷ್ಟೂ ಚಿಕ್ಕದಾಗಿಲ್ಲ. ದೇವನಹಳ್ಳಿಯ ಆ ಬಯಲಿಗೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೂ ಪಂಪನ ಕಾಲದಲ್ಲಿದ್ದ ದೂರವೇ ಈಗಲೂ ಇದೆ. ಕುಗ್ಗಿರುವುದು ಗಂಟೆಗಳು. ಆ ಗಂಟೆಗಳಾದರೋ ಗಾಳಿಯ ದಯೆ, ನೆರೆರಾಜ್ಯಗಳ ಸೌಹಾರ್ದ, ಎಣ್ಣೆಯ ಬೆಲೆ, ರಹದಾರಿಯ ಮೇಲಣ ಒಂದು ಮುದ್ರೆ – ಇವೆಲ್ಲ ಕೂಡಿದಾಗ ನಮಗೆ ಸಿಗುವ ಕಡ. ಭೂಮಿಯ ಗುಣವಲ್ಲ ಅದು. ಮನುಷ್ಯರ ನಡುವಣ ಒಪ್ಪಂದ.

ಒಪ್ಪಂದ ಮುರಿದಾಗ ಏನಾಗುವುದೆಂಬುದನ್ನು 2020ರ ಮಾರ್ಚಿಯಲ್ಲಿ ಕಂಡೆವು. ಕೊರೋನಾ ಪಿಡುಗಿನ ಕಾರಣ ಆ ತಿಂಗಳ ಕೊನೆಯ ವಾರದಿಂದ ಹೊರದೇಶಗಳ ಪ್ರಯಾಣಿಕ ವಿಮಾನಗಳು ನಮ್ಮಲ್ಲಿಗೆ ಬರುವುದು ನಿಂತಿತು. ಮೇ 7ರಿಂದ ಸರಕಾರವೇ ವಿಶೇಷ ವಿಮಾನಗಳಲ್ಲಿ ಜನರನ್ನು ಕರೆತರತೊಡಗಿತು. ವಾಡಿಕೆಯ ಸಂಚಾರ ಪೂರ್ಣವಾಗಿ ಮರಳಿದುದು 2022ರ ಮಾರ್ಚಿ 27ರಂದು. ಆ ಮೊದಲ ವಾರಗಳಲ್ಲಿ 14,000 ಕಿಲೋಮೀಟರುಗಳಿಗೆ ಹೊತ್ತೆಂಬುದೇ ಇರಲಿಲ್ಲ. ತಂದೆಯ ಚಿತೆಯನ್ನು ಕೈಯಗಲದ ಗಾಜಿನ ಮೇಲೆ ನೋಡಿದ ಮಕ್ಕಳು ನಮ್ಮ ಊರೂರಿನಲ್ಲಿಯೂ ಇದ್ದಾರೆ.

ಹಿಂದೆ ಹೀಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಿಂದೆ ಬೇರೆ ರೀತಿಯಲ್ಲಿತ್ತು. ಹಡಗಿನ ಕಾಲದಲ್ಲಿ ಸುದ್ದಿಯೂ ಮನುಷ್ಯನೂ ಒಂದೇ ಹಡಗಿನಲ್ಲಿ ಬರುತ್ತಿದ್ದರು. ಸುಯೆಜ್ ಕಾಲುವೆ ತೆರೆದ ಮೇಲೆ ಲಂಡನ್ನಿನಿಂದ ಮುಂಬಯಿಗೆ ಸುಮಾರು ಮೂರು ವಾರ. ಕಾಗದಕ್ಕೂ ಅಷ್ಟೇ, ಬರೆದವನಿಗೂ ಅಷ್ಟೇ. 1870ರಲ್ಲಿ ಕಡಲೊಳಗಿನ ತಂತಿ ಮುಂಬಯಿಗೆ ಬಂದಾಗ ಈ ಜೋಡಿ ಬೇರೆಯಾಯಿತು. ಸುದ್ದಿ ಗಂಟೆಗಳಲ್ಲಿ ಬರತೊಡಗಿತು. ಮನುಷ್ಯ ವಾರಗಳಲ್ಲಿಯೇ ಬರಬೇಕಾಯಿತು. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ಮುಚ್ಚುವವರೆಗೂ ‘ತಂತಿ ಬಂತು’ ಎಂದರೆ ಹೆಂಗಸರು ಓದಿಸುವ ಮೊದಲೇ ಅಳತೊಡಗುತ್ತಿದ್ದುದು ಸುಮ್ಮನೆಯಲ್ಲ. ಸುದ್ದಿಯ ಹಿಂದೆಯೇ ಮನುಷ್ಯ ಬರಲಾರನೆಂಬುದು ಅವರಿಗೆ ಗೊತ್ತಿತ್ತು.

ಇಂದು ಆ ಅಂತರ ಇನ್ನೂ ವಿಪರೀತವಾಗಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಗ ‘ಅಮ್ಮಾ’ ಎಂದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿ ಅದು ಮೈಸೂರಿನ ಅಡುಗೆಮನೆಗೆ ಬಂದು ಸೇರುತ್ತದೆ. ಅವನ ಧ್ವನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸುತ್ತದೆ. ಆದುದರಿಂದಲೇ ಅವನು ಪಕ್ಕದ ಕೋಣೆಯಲ್ಲಿದ್ದಾನೆಂದು ಮನಸ್ಸು ನಂಬುತ್ತದೆ. ಕಾಲಿನ ಲೆಕ್ಕವಾದರೋ ಬೇರೆ. ವಿಮಾನ ನೇರವಾಗಿ ಸಿಕ್ಕರೆ 17 ಗಂಟೆ. ನಡುವೆ ಇಳಿದು ಬೇರೆ ವಿಮಾನ ಹಿಡಿದರೆ ಇಪ್ಪತ್ತಕ್ಕೂ ಮೇಲೆ. ಹೊರಡುವ ಮೊದಲು ನಿಲ್ದಾಣದಲ್ಲಿ ಮೂರು ಗಂಟೆ. ಇಳಿದ ಮೇಲೆ ದೇವನಹಳ್ಳಿಯಿಂದ ಮೈಸೂರಿಗೆ ನಾಲ್ಕೈದು ಗಂಟೆ. ಸ್ಥಳ ಸಿಗಬೇಕು, ರಜೆ ಸಿಗಬೇಕು. ಈಗ ಹೊರಟರೆ ಮರಳಿ ಒಳಗೆ ಬಿಟ್ಟುಕೊಳ್ಳುವರೇ ಎಂಬ ಅಂಜಿಕೆ ತೀರಬೇಕು. ನಿಲ್ದಾಣದಿಂದ ನಿಲ್ದಾಣಕ್ಕೆ 17 ಗಂಟೆಯಾದರೂ ಹೊಸ್ತಿಲಿನಿಂದ ಹೊಸ್ತಿಲಿಗೆ ಎರಡು ದಿನ. ಮನೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಗುಂಯ್‌ಗುಡುತ್ತಿರುವಾಗ, ಪುರೋಹಿತರು ಮೆಲ್ಲಗೆ ಗಡಿಯಾರ ನೋಡುತ್ತಿರುವಾಗ, ಆ ಎರಡು ದಿನಗಳ ಅಳತೆ ಏನೆಂಬುದನ್ನು ಕಂಡವರು ಬಲ್ಲರು.

ಹಾಗಾದರೆ ಮಕ್ಕಳು ಹೋಗಬಾರದೇ? ಹೋಗಲಿ. ಹೋದುದರಿಂದಲೇ ಎಷ್ಟೋ ಮನೆಗಳು ಎದ್ದುನಿಂತಿವೆ; ಕನ್ನಡದ ಮಾತೂ ಅವರೊಡನೆ ಕಡಲು ದಾಟಿದೆ. ನನ್ನ ಬೇಡಿಕೆ ಸಣ್ಣದು. ಆ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಹೇಳುವುದನ್ನು ಕಲಿಯೋಣ. 14,000 ಕಿಲೋಮೀಟರು ಎಂದಾಗ ಅದು ನಿಜವಾದ ದೂರವೆಂದು ತಿಳಿದು, ಅದಕ್ಕೆ ತಕ್ಕಂತೆ ಮನೆಯ ವ್ಯವಸ್ಥೆಯನ್ನು ಮಾಡಿಕೊಳ್ಳೋಣ. ಯಾರಿಗೆ ಯಾವ ಅಧಿಕಾರ, ಯಾವ ಕಾಗದ ಎಲ್ಲಿದೆ, ಮಗ ಬಾರದಿದ್ದರೆ ಯಾರು ಕೊಳ್ಳಿಯಿಡಬೇಕು ಎಂಬುದನ್ನು ಮಾತಾಡಿ ಮುಗಿಸುವುದು ಅಮಂಗಳವಲ್ಲ. 17 ಗಂಟೆ ಎಂದಾಗ ಅದು ತೆರೆದಿರುವ ಬಾಗಿಲೆಂದು ತಿಳಿದು, ತೆರೆದಿರುವಾಗಲೇ ಬಂದುಹೋಗೋಣ. ಕರೆ ಬರುವವರೆಗೆ ಕಾಯುವುದು ಬೇಡ.

ಇನ್ನೊಂದು ಮಾತು. ದೂರದವರ ಧ್ವನಿ ಹತ್ತಿರವಾದಷ್ಟೂ ಹತ್ತಿರದವರ ಧ್ವನಿ ದೂರವಾಗುತ್ತಿರುವುದನ್ನು ನಮ್ಮ ಬಡಾವಣೆಗಳಲ್ಲಿ ನಾನು ಕಾಣುತ್ತಿದ್ದೇನೆ. ದಿನವೂ ಅಮೆರಿಕದೊಡನೆ ಮಾತನಾಡುವ ಮುದುಕರಿಗೆ ಪಕ್ಕದ ಮನೆಯವರ ಹೆಸರು ತಿಳಿಯದು. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಾಗ ಗಾಡಿ ತೆಗೆಯುವವರು ಪಕ್ಕದ ಮನೆಯವರೇ. ಮಕ್ಕಳು ಬಂದಿಳಿಯುವವರೆಗೆ ಆ ಮನೆಯ ಒಲೆ ಹೊತ್ತಿಸುವವರೂ ಅವರೇ. ವಿಮಾನಗಳ ವೇಳಾಪಟ್ಟಿ ನಮ್ಮ ಕೈಯಲ್ಲಿಲ್ಲ. ಬೇಲಿಯಾಚೆಯ ಮನೆಯವರನ್ನು ಹೆಸರು ಹಿಡಿದು ಕರೆಯುವ ಬಳಕೆ ನಮ್ಮ ಕೈಯಲ್ಲಿದೆ. ಕೂಗಳತೆಯೆಂಬ ಮಾತನ್ನು ನಿಘಂಟಿನಲ್ಲಿ ಉಳಿಸಿದರೆ ಸಾಲದು, ಬೀದಿಯಲ್ಲಿಯೂ ಉಳಿಸಿಕೊಳ್ಳಬೇಕು.